ಬಿಚ್ಚಿ ಹೊಲಿಯಲೆಂದೇ ಕಟ್ಟಿದ ದೋಣಿ

ಹದಿಮೂರನೆಯ ಶತಮಾನದ ಕೊನೆಗೆ ಭಾರತಕ್ಕೆ ಬಂದಿದ್ದ ಇಟಲಿಯ ಪಾದ್ರಿ, ಮಾಂಟೆಕೊರ್ವಿನೋದ ಜಾನ್, ಇಲ್ಲಿನ ಹಡಗುಗಳ ಬಗ್ಗೆ ಊರಿಗೆ ಬರೆದದ್ದು ಬರೀ ದೂರು. ಒಂದು ಕಬ್ಬಿಣದ ಮೊಳೆಯಿಲ್ಲ, ಎಲ್ಲ ಹಗ್ಗದ ಹೊಲಿಗೆ. ಹಗ್ಗ ಹರಿದಲ್ಲಿ ನೀರು ನುಗ್ಗುತ್ತದೆ, ಕಡಲಿಗಿಳಿಯಬೇಕಾದರೆ ವರ್ಷಕ್ಕೊಮ್ಮೆ ರಿಪೇರಿ ಆಗಲೇಬೇಕು. ಹೊರ್ಮುಜ್‌ನಲ್ಲಿ ಇಂಥವೇ ಹಡಗುಗಳನ್ನು ಕಂಡ ಮಾರ್ಕೊ ಪೋಲೊ ಕೂಡ ಅವು ಅಪಾಯಕಾರಿ ಎಂದೇ ಬರೆಸಿದ. ಇವರನ್ನು ನಂಬಿ, ಹೊಲಿಗೆ ದೋಣಿಯೆಂದರೆ ಮೊಳೆ ಹೊಡೆಯಲು ಬಾರದವರ ಕೆಲಸ ಎಂದು ಭಾವಿಸುವುದು ಸುಲಭ. ಆದರೆ ಉಕ್ಕನ್ನೇ ಹೊರದೇಶಕ್ಕೆ ಮಾರುತ್ತಿದ್ದ ನಾಡಿನಲ್ಲಿ ಮೊಳೆಗೆ ಬರವೇ? ಪಾದ್ರಿ ಕೊರತೆಯೆಂದುಕೊಂಡ ಆ ವಾರ್ಷಿಕ ರಿಪೇರಿಯೇ ದೋಣಿಯ ಲೆಕ್ಕಾಚಾರ ಎಂಬುದು ನನ್ನ ವಾದ.

ನಮ್ಮ ಕರಾವಳಿಯ ಕಾಲಮಾನವನ್ನೇ ನೋಡಿ. ಜೂನ್ ಬಂತೆಂದರೆ ಕಡಲಿಗಿಳಿಯುವಂತಿಲ್ಲ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವವರೆಗೆ ದೋಣಿ ದಂಡೆಯ ಮೇಲೆ. ಆ ಬಿಡುವಿನ ಮರಳದಂಡೆಯೇ ಕಾರ್ಖಾನೆ. ಮೊಳೆ ಉಪ್ಪುನೀರಿಗೆ ತುಕ್ಕು ಹಿಡಿದು ಸುತ್ತಲ ಮರವನ್ನೂ ಕೆಡಿಸುತ್ತದೆ. ಅದನ್ನು ಕಿತ್ತರೆ ಹಲಗೆ ಸೀಳುತ್ತದೆ. ಹೊಲಿದ ದೋಣಿಯಲ್ಲಾದರೆ ಹಗ್ಗ ಕತ್ತರಿಸಿ, ಹುಳು ಕೊರೆದ ಒಂದು ಹಲಗೆಯನ್ನಷ್ಟೇ ಬಿಡಿಸಿ, ಹೊಸದನ್ನು ಕೂರಿಸಿ, ಸಂದಿಗೆ ನಾರು ಒತ್ತಿ ಮತ್ತೆ ಬಿಗಿದು ಹೊಲಿದರಾಯಿತು. ಮೇಲೆ ಮೀನೆಣ್ಣೆ ಬಳಿಯಬೇಕು. ನಾರು ತೋಟದ್ದು, ಎಣ್ಣೆ ಬಲೆಗೆ ಬಿದ್ದ ಮೀನಿನದು. ಪೇಟೆಯಿಂದ ತರಬೇಕಾದದ್ದು ಕಡಿಮೆ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ನೋಡಿಹೋದ ಪ್ರವಾಸಿ ಇಬ್ನ್ ಬತೂತ ಇನ್ನೊಂದು ಲಾಭ ಗುರುತಿಸಿದ: ಬಂಡೆಗೆ ತಾಗಿದರೆ ಮೊಳೆಯ ಹಡಗು ಒಡೆಯುತ್ತದೆ, ಹೊಲಿದದ್ದು ಬಾಗಿಕೊಂಡು ಉಳಿಯುತ್ತದೆ. ಅಲೆ ಎತ್ತಿ ಕುಕ್ಕುವ ದಂಡೆಗೂ ಈ ಮಾತು ಸಲ್ಲುತ್ತದೆ.

ಇದನ್ನೆಲ್ಲ ಮೀನುಗಾರರೇ ಮಾಡಿಕೊಳ್ಳುತ್ತಿದ್ದರೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಲಗೆಯ ಅಂಚನ್ನು ಸರಿಯಾಗಿ ಕೂಡಿಸುವುದು ಆಚಾರಿಯ ಕೈಚಳಕ. ಆದರೆ ನಾರು ಹೊಸೆಯಲು, ಹಗ್ಗ ಎಳೆಯಲು, ಎಣ್ಣೆ ಬಳಿಯಲು ದೋಣಿಯವರ ಕೈಗಳೇ ಸಾಕಿದ್ದವು. ಫಿರಂಗಿ ಹೊರುವ ದೊಡ್ಡ ಹಡಗಿಗೆ ಹೊಲಿಗೆ ಒಗ್ಗದೆಂಬುದನ್ನೂ ಒಪ್ಪಬೇಕು. ಪೋರ್ಚುಗೀಸರ ಕಾಲದಿಂದ ಅಲ್ಲಿ ಮೊಳೆಯೇ ಗೆದ್ದಿತು. ದಂಡೆಯ ಮೀನುಗಾರಿಕೆಯಲ್ಲಿ ಮಾತ್ರ ಅದಕ್ಕೆ ಅಷ್ಟು ಸುಲಭದ ಗೆಲುವು ಸಿಗಲಿಲ್ಲ. ದಂಡೆಯಿಂದ ಎಳೆಯುವ ರಂಪಣಿ ಬಲೆ ಒಯ್ಯುವ ದೋಣಿಗಳನ್ನು ಇಪ್ಪತ್ತನೆಯ ಶತಮಾನದಲ್ಲೂ ನಾರಿನಿಂದ ಹೊಲಿಯುತ್ತಿದ್ದರು. ರಂಪಣಿಯನ್ನು ಮೂಲೆಗೆ ತಳ್ಳಿದ್ದು 1970ರ ದಶಕದ, ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಎಂಜಿನ್ನಿನ ಪರ್ಸೀನ್ ಬೋಟುಗಳು. ಎಂಜಿನ್ ಬಂದಮೇಲೆ ರಿಪೇರಿ ದಂಡೆ ಬಿಟ್ಟು ವರ್ಕ್‌ಶಾಪಿಗೆ ಹೋಯಿತು, ಖರ್ಚು ಸಾಲದ ಪುಸ್ತಕಕ್ಕೆ ಏರಿತು.

ಹೊಲಿಗೆ ಮಾತ್ರ ಪೂರ್ತಿ ಮರೆಯಾಗಿಲ್ಲ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆ ಸೇರಿದ ‘ಕೌಂಡಿನ್ಯ’ ತೆಂಗಿನ ನಾರಿನಿಂದ ಹೊಲಿದ ಹಡಗು. ಅದನ್ನು ಕಟ್ಟಿದ ತಂಡದ ಮುಖ್ಯ ಕುಶಲಕರ್ಮಿ ಕೇರಳದವರು.