ಎಣಿಸಬೇಕಾದದ್ದು ಪರೀಕ್ಷೆಯನ್ನಲ್ಲ, ಮಹಿಳೆಯರನ್ನು

ಗರ್ಭಕಂಠದ ಕ್ಯಾನ್ಸರಿಗೆ ಪ್ಯಾಪ್ ಸ್ಮಿಯರ್ ತಪಾಸಣೆ ಇಂಗ್ಲೆಂಡಿನಲ್ಲಿ 1960ರ ದಶಕದಲ್ಲೇ ಶುರುವಾಯಿತು. ಪ್ರಯೋಗಾಲಯಗಳು ನೋಡುವ ಸ್ಲೈಡುಗಳ ಸಂಖ್ಯೆ ವರ್ಷವರ್ಷವೂ ಏರಿತು. ಸಾವಿನ ಸಂಖ್ಯೆ ಮಾತ್ರ ಅಂದುಕೊಂಡಷ್ಟು ಇಳಿಯಲಿಲ್ಲ. ಕುಟುಂಬ ಯೋಜನೆಗೋ ಬಸಿರಿನ ತಪಾಸಣೆಗೋ ಕ್ಲಿನಿಕ್ಕಿಗೆ ಬಂದ ಚಿಕ್ಕ ವಯಸ್ಸಿನವರಿಗೇ ಮತ್ತೆ ಮತ್ತೆ ಪರೀಕ್ಷೆಯಾಗುತ್ತಿತ್ತು. ಅಪಾಯ ಹೆಚ್ಚಿದ್ದ ನಡುವಯಸ್ಸಿನ ಬಡ ಮಹಿಳೆಯರು ಹೊರಗುಳಿದರು. ಸ್ಲೈಡುಗಳ ಲೆಕ್ಕದಲ್ಲಿ ಅವರು ಕಾಣಿಸುವಂತೆಯೇ ಇರಲಿಲ್ಲ.

1988ರಲ್ಲಿ ಲೆಕ್ಕದ ಬುಡವೇ ಬದಲಾಯಿತು. ಕುಟುಂಬ ವೈದ್ಯರಲ್ಲಿ ನೋಂದಾಯಿಸಿಕೊಂಡ ಮಹಿಳೆಯರ ಪಟ್ಟಿ ಕಂಪ್ಯೂಟರಿಗೆ ಬಂತು. ಸರದಿ ಬಂದವರ ಮನೆಗೆ ಕಾಗದ ಹೋಗತೊಡಗಿತು. 1990ರ ಒಪ್ಪಂದದಂತೆ, ಪಟ್ಟಿಯ ಶೇ 80ರಷ್ಟು ಮಂದಿಯನ್ನು ತಲುಪಿದ ವೈದ್ಯರಿಗೆ ಹೆಚ್ಚಿನ ಹಣ ಸಿಕ್ಕಿತು. 1988ರಲ್ಲಿ ಶೇ 42 ಇದ್ದ ವ್ಯಾಪ್ತಿ 1994ಕ್ಕೆ ಶೇ 85 ಮುಟ್ಟಿತು. ಸಾವುಗಳೂ ಇಳಿದವು.

ಅಲ್ಲಿನ ವಾರ್ಷಿಕ ವರದಿಯಲ್ಲಿ ನನಗೆ ಮೆಚ್ಚುಗೆಯಾಗುವುದು ಅದರ ವ್ಯಾಖ್ಯೆಗಳ ಕಟ್ಟುನಿಟ್ಟು. 2023–24ರ ವರದಿಯಂತೆ ವ್ಯಾಪ್ತಿಗೆ ಸೇರಲು, 25ರಿಂದ 49ರವರಾದರೆ ಕಳೆದ ಮೂರೂವರೆ ವರ್ಷದೊಳಗೆ, 50ರಿಂದ 64ರವರಾದರೆ ಐದೂವರೆ ವರ್ಷದೊಳಗೆ ಸರಿಯಾದ ಫಲಿತಾಂಶ ಬಂದಿರಬೇಕಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕಂಠವನ್ನೇ ತೆಗೆಸಿಕೊಂಡವರನ್ನು ಪಟ್ಟಿಯಿಂದ ಬಿಡಲಾಗುತ್ತದೆ. 2023–24ರಲ್ಲಿ ಈ ವ್ಯಾಪ್ತಿ ಶೇ 68.8. ವಯಸ್ಸು, ಅವಧಿ ಎರಡರ ನಿಯಮವೂ ನಡುವೆ ಬದಲಾಗಿರುವುದರಿಂದ 1994ರ ಅಂಕಿಯೊಡನೆ ಇದನ್ನು ನೇರವಾಗಿ ಹೋಲಿಸಲಾಗದು. ಗುರಿ ಶೇ 80 ಆಗಿದ್ದರೂ ಕೊರತೆಯನ್ನು ಮುಚ್ಚಿಡದೆ ಪ್ರಕಟಿಸುತ್ತಾರೆ ಎಂಬುದು ದೊಡ್ಡದು.

ನಮ್ಮಲ್ಲಿ ಪ್ರಶ್ನೆ ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ ನೋಡಿ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಗರ್ಭಕಂಠದ ಪರೀಕ್ಷೆ ಎಂದಾದರೂ ಆಗಿದೆಯೇ ಎಂದು 15ರಿಂದ 49ರವರನ್ನು ಕೇಳಿತು, ಶೇ 22.3 ಮಂದಿ ಹೌದೆಂದರು. 2019–21ರ ಸಮೀಕ್ಷೆ ಕೇಳಿದ್ದು ಕ್ಯಾನ್ಸರ್ ತಪಾಸಣೆಯ ಬಗ್ಗೆ. 30ರಿಂದ 49ರವರಲ್ಲಿ ಶೇ 1.9! ಪರೀಕ್ಷೆ ನಾಲ್ಕೈದು ವರ್ಷದಲ್ಲಿ ಇಷ್ಟು ಕುಸಿಯಿತೆಂದು ಯಾರೂ ನಂಬಲಾರರು. ಹೆರಿಗೆಗೋ ಬಿಳಿಸೆರಗಿಗೋ ವೈದ್ಯರು ಒಳಪರೀಕ್ಷೆ ಮಾಡಿದ್ದೂ ಮೊದಲ ಪ್ರಶ್ನೆಗೆ ‘ಹೌದು’ ಆಗಬಹುದಿತ್ತು.

ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ, 30ರಿಂದ 65ರವರಿಗೆ ಐದು ವರ್ಷಕ್ಕೊಮ್ಮೆ ವಿಐಎ ಆಗಬೇಕೆಂದಿತು. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಸವರಿ ಬಿಳಿ ಮಚ್ಚೆ ಏಳುತ್ತದೆಯೇ ಎಂದು ಬರಿಗಣ್ಣಲ್ಲಿ ನೋಡುವ ಪರೀಕ್ಷೆ ಅದು. ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ಫಾರಂ ತುಂಬುತ್ತಾರೆ, ಮಾಹಿತಿ ರಾಷ್ಟ್ರೀಯ ಪೋರ್ಟಲ್ ಸೇರುತ್ತದೆ. 25.42 ಕೋಟಿ ಅರ್ಹರಲ್ಲಿ 10.18 ಕೋಟಿ ಮಂದಿಗೆ ತಪಾಸಣೆಯಾಗಿದೆ ಎಂದು 2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ತಿಳಿಸಿತು. ಅರ್ಹರ ಒಟ್ಟು ಸಂಖ್ಯೆಯನ್ನೂ ಜೊತೆಗೆ ಕೊಟ್ಟದ್ದು ನಿಜವಾದ ಮುನ್ನಡೆ. ಫಾರಂ ತುಂಬಿದರೆ ತಪಾಸಣೆಯೋ, ವಿಐಎ ಆದಮೇಲೋ ಎಂಬುದು ಮಾತ್ರ ಈ ಎರಡು ಸಂಖ್ಯೆಗಳಿಂದ ತಿಳಿಯದು. ಮಚ್ಚೆ ಕಂಡವರಲ್ಲಿ ಎಷ್ಟು ಮಂದಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆ ಮುಟ್ಟಿದರು, ಎಷ್ಟು ಮಂದಿಗೆ ಚಿಕಿತ್ಸೆ ಮುಗಿಯಿತು ಎಂಬ ಸಂಖ್ಯೆಗಳೂ ಪಕ್ಕದಲ್ಲೇ ಅಚ್ಚಾಗಬೇಕು.

ಇನ್ನೊಂದು ತುದಿಯ ಲೆಕ್ಕ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿದೆ. ನಗರದಲ್ಲಿ ಕ್ಯಾನ್ಸರ್ ಪತ್ತೆಯಾದವರನ್ನು ಅಲ್ಲಿನ ನೋಂದಣಿ ವಿಭಾಗ 1982ರಿಂದ ದಾಖಲಿಸುತ್ತಿದೆ. ಇಂಗ್ಲೆಂಡಿನಲ್ಲಿ ಗರ್ಭಕಂಠದ ಕ್ಯಾನ್ಸರ್ ಪತ್ತೆಯಾದಾಗಲೆಲ್ಲ ಆ ಮಹಿಳೆಯ ಹಳೆಯ ತಪಾಸಣೆಗಳನ್ನು ತೆಗೆದು ನೋಡುತ್ತಾರೆ. ಪೋರ್ಟಲಿನ ದಾಖಲೆಯನ್ನೂ ಕಿದ್ವಾಯಿಯ ದಾಖಲೆಯನ್ನೂ ಹಾಗೆ ಪಕ್ಕಪಕ್ಕ ಇಟ್ಟು ಓದಿದರೆ, ಕ್ಯಾನ್ಸರಾದ ಮಹಿಳೆಗೆ ತಪಾಸಣೆಯೇ ತಲುಪಿರಲಿಲ್ಲವೋ, ತಲುಪಿಯೂ ತಪ್ಪಿತೋ ಎಂಬುದು ತಿಳಿಯುತ್ತದೆ.