ಮಧುಮೇಹಿಗಳ ಕಣ್ಣಿಗೆ ಕಾವಲು: ತಜ್ಞ ನರ್ಸ್ ಮಾಡುವ ಕೆಲಸವೇನು?

ಸಕ್ಕರೆ ಕಾಯಿಲೆ ಇರುವವರ ಮನೆಗಳಲ್ಲಿ ಅನ್ನ ಎಷ್ಟು, ಹಣ್ಣು ಎಷ್ಟು ಎಂಬ ಲೆಕ್ಕ ಇರುತ್ತದೆ. ಕಾಲಿಗೆ ಗಾಯವಾಗದಂತೆ ಎಚ್ಚರಿಕೆಯೂ ಇರುತ್ತದೆ. ಕಣ್ಣಿನ ಮಾತು ಬರುವುದು ಮಾತ್ರ ಪೇಪರ್ ಓದಲು ಆಗುತ್ತಿಲ್ಲ, ಬಸ್ ನಂಬರ್ ಕಾಣುತ್ತಿಲ್ಲ ಎಂದಾಗ. ಅಷ್ಟರಲ್ಲಿ ಕೆಲವರಿಗೆ ತಡವಾಗಿರುತ್ತದೆ.

ಮಧುಮೇಹದಿಂದ ಆಗುವ ದೃಷ್ಟಿ ನಷ್ಟದಲ್ಲಿ ಬಹುಪಾಲನ್ನು ತಡೆಯಬಹುದು. ಇಂಜೆಕ್ಷನ್ ಇದೆ, ಲೇಸರ್ ಇದೆ, ಶಸ್ತ್ರಚಿಕಿತ್ಸೆಯೂ ಇದೆ. ಆದರೆ ರೋಗಿ ಸಕಾಲಕ್ಕೆ ತಪಾಸಣೆಗೆ ಬರಬೇಕು, ವೈದ್ಯರು ಹೇಳಿದಷ್ಟು ಸಲ ಬರುತ್ತಲೇ ಇರಬೇಕು. ಈ ಸರಪಳಿ ನಡುವೆ ತುಂಡಾಗದಂತೆ ನೋಡಿಕೊಳ್ಳುವವರಲ್ಲಿ ಕಣ್ಣಿನ ಆರೈಕೆಯ ವಿಶೇಷ ತರಬೇತಿ ಪಡೆದ ನರ್ಸ್‌ಗಳು ಪ್ರಮುಖರು. ಅವರ ಕೆಲಸವೇನು, ಅವರಿಂದ ರೋಗಿಗಳು ಏನು ಕೇಳಿ ತಿಳಿಯಬಹುದು ಎಂಬ ವಿವರ ಇಲ್ಲಿದೆ.

ನೋವಿಲ್ಲದೆ ಬೆಳೆಯುವ ರೋಗ

ಕಣ್ಣಿನ ಹಿಂಭಾಗದಲ್ಲಿರುವ ತೆಳುವಾದ ಪದರವೇ ಅಕ್ಷಿಪಟಲ, ಅಂದರೆ ರೆಟಿನಾ. ನಾವು ಕಾಣುವ ದೃಶ್ಯ ಮೂಡುವುದು ಇಲ್ಲಿಯೇ. ರಕ್ತದಲ್ಲಿ ಸಕ್ಕರೆ ಪ್ರಮಾಣ ವರ್ಷಗಟ್ಟಲೆ ಹೆಚ್ಚಿದ್ದರೆ ರೆಟಿನಾದ ಸಣ್ಣ ರಕ್ತನಾಳಗಳು ದುರ್ಬಲವಾಗುತ್ತವೆ. ಕೆಲವು ಉಬ್ಬುತ್ತವೆ, ಕೆಲವು ಸೋರುತ್ತವೆ, ಕೆಲವು ಮುಚ್ಚಿಹೋಗುತ್ತವೆ. ಇದೇ ಡಯಾಬಿಟಿಕ್ ರೆಟಿನೋಪತಿ.

ರೋಗ ಮುಂದುವರಿದಾಗ ರಕ್ತ ಸಾಲದ ಜಾಗದಲ್ಲಿ ಹೊಸ ರಕ್ತನಾಳಗಳು ಹುಟ್ಟುತ್ತವೆ. ಇವು ಬಲಹೀನವಾಗಿರುವುದರಿಂದ ಸುಲಭವಾಗಿ ಒಡೆದು ಕಣ್ಣಿನೊಳಗೆ ರಕ್ತಸ್ರಾವವಾಗಬಹುದು, ರೆಟಿನಾ ಎಳೆದುಕೊಂಡು ಕಳಚಲೂಬಹುದು. ರೆಟಿನಾದ ನಡುಭಾಗವಾದ ಮ್ಯಾಕುಲಾದಲ್ಲಿ ನೀರು ತುಂಬಿ ಊದಿಕೊಂಡರೆ ಓದುವುದು, ಮುಖ ಗುರುತಿಸುವುದು ಕಷ್ಟವಾಗುತ್ತದೆ. ಆರಂಭದ ಹಂತದಲ್ಲಿ ಮಾತ್ರ ನೋವಿಲ್ಲ, ಉರಿಯಿಲ್ಲ, ದೃಷ್ಟಿಯೂ ಚೆನ್ನಾಗಿಯೇ ಇರುತ್ತದೆ. ಹಾಗಾಗಿ 'ನನಗೆ ಚೆನ್ನಾಗಿ ಕಾಣುತ್ತದೆ' ಎಂಬ ಮಾತು ಕಣ್ಣು ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಭಾರತದಲ್ಲಿ ಸಮಸ್ಯೆ ಎಷ್ಟು ದೊಡ್ಡದು?

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. 2022ರಲ್ಲಿ ಪ್ರಕಟವಾದ ಸ್ಮಾರ್ಟ್ ಇಂಡಿಯಾ ಅಧ್ಯಯನವು 40 ವರ್ಷ ಮೇಲ್ಪಟ್ಟವರನ್ನು ಪರೀಕ್ಷಿಸಿತ್ತು. ಅದರಲ್ಲಿ ಮಧುಮೇಹಿಗಳ ಪೈಕಿ ಶೇ. 12.5ರಷ್ಟು ಜನರಿಗೆ ರೆಟಿನೋಪತಿ ಇರುವುದು ಕಂಡುಬಂತು. ಶೇ. 4ರಷ್ಟು ಜನರಲ್ಲಿ ಅದು ದೃಷ್ಟಿಗೇ ಅಪಾಯ ತರುವ ಹಂತದಲ್ಲಿತ್ತು.

ಇಷ್ಟೊಂದು ಜನರನ್ನು ವರ್ಷವರ್ಷವೂ ರೆಟಿನಾ ತಜ್ಞರೊಬ್ಬರೇ ಕೂರಿಸಿಕೊಂಡು ನೋಡುವುದು ಆಗದ ಮಾತು. ಆದ್ದರಿಂದ ಕೆಲಸವನ್ನು ಹಂಚಿಕೊಳ್ಳಲೇಬೇಕು. ರೋಗವಿಲ್ಲದವರನ್ನೂ ಇರುವವರನ್ನೂ ಬೇರ್ಪಡಿಸುವುದು, ಇರುವವರನ್ನು ತಜ್ಞರ ಬಳಿಗೆ ಮುಟ್ಟಿಸುವುದು, ಚಿಕಿತ್ಸೆಯ ಉದ್ದಕ್ಕೂ ಕೈಬಿಡದೆ ನೋಡಿಕೊಳ್ಳುವುದು, ಈ ಮೂರು ಕೆಲಸಗಳಲ್ಲಿ ತರಬೇತಾದ ನರ್ಸ್ ಬೇಕಾಗುತ್ತಾರೆ.

ತಪಾಸಣೆಯ ದಿನ ನರ್ಸ್ ಏನು ಮಾಡುತ್ತಾರೆ?

ಮೊದಲು ಮಾತು. ಮಧುಮೇಹ ಬಂದು ಎಷ್ಟು ವರ್ಷವಾಯಿತು, ಎಚ್‌ಬಿಎ1ಸಿ ಎಷ್ಟಿದೆ, ರಕ್ತದೊತ್ತಡ ಹೇಗಿದೆ, ಕಿಡ್ನಿ ತೊಂದರೆ ಇದೆಯೇ, ಗರ್ಭಿಣಿಯೇ, ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿತ್ತೇ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಕಣ್ಣಿನ ಪರೀಕ್ಷೆಗೆ ಬಂದವರಿಗೆ ಇಷ್ಟೆಲ್ಲ ಪ್ರಶ್ನೆ ಏಕೆ ಎಂದು ಕೆಲವರಿಗೆ ಅನಿಸುತ್ತದೆ. ರೆಟಿನಾದ ಸಣ್ಣ ರಕ್ತನಾಳ ಕೆಟ್ಟಿದ್ದರೆ ಕಿಡ್ನಿಯ ಸಣ್ಣ ರಕ್ತನಾಳವೂ ಕೆಟ್ಟಿರುವ ಸಾಧ್ಯತೆ ಹೆಚ್ಚು ಎಂಬುದೇ ಇದಕ್ಕೆ ಕಾರಣ.

ನಂತರ ಅಕ್ಷರದ ಫಲಕ ಓದಿಸಿ ಎರಡೂ ಕಣ್ಣಿನ ದೃಷ್ಟಿಯನ್ನು ಬೇರೆಬೇರೆಯಾಗಿ ಅಳೆಯುತ್ತಾರೆ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುವ ಮೊದಲು ಅಲರ್ಜಿ ಅಥವಾ ಗ್ಲಾಕೋಮಾ ಇದೆಯೇ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ್ದು ಮಸುಕಾಗಿ, ಬೆಳಕು ಕಣ್ಣಿಗೆ ಚುಚ್ಚಿದಂತೆ ಕಾಣುತ್ತದೆ. ಆದ್ದರಿಂದ ಸ್ಕೂಟರ್, ಕಾರು ಓಡಿಸಿಕೊಂಡು ಬರಬೇಡಿ, ಜೊತೆಗೊಬ್ಬರನ್ನು ಕರೆತನ್ನಿ ಎಂದು ಮೊದಲೇ ತಿಳಿಸುತ್ತಾರೆ.

ಬಳಿಕ ಫಂಡಸ್ ಕ್ಯಾಮೆರಾದಲ್ಲಿ ರೆಟಿನಾದ ಫೋಟೊ ತೆಗೆಯಲಾಗುತ್ತದೆ. ಮ್ಯಾಕುಲಾ ಊದಿಕೊಂಡಿರುವ ಅನುಮಾನವಿದ್ದರೆ ಒಸಿಟಿ ಸ್ಕ್ಯಾನ್ ಮಾಡುತ್ತಾರೆ. ಇದು ಬೆಳಕಿನಿಂದಲೇ ರೆಟಿನಾದ ಪದರಗಳನ್ನು ತೋರಿಸುವ ಸ್ಕ್ಯಾನ್. ಚುಚ್ಚುವುದಿಲ್ಲ, ನೋವಾಗುವುದಿಲ್ಲ. ತರಬೇತಿ ಪಡೆದ ನರ್ಸ್‌ಗಳು ಅಥವಾ ತಂತ್ರಜ್ಞರು ಈ ಚಿತ್ರಗಳನ್ನು ನೋಡಿ ರೋಗದ ಹಂತ ಗುರುತಿಸುತ್ತಾರೆ. ಅಪಾಯದ ಗುರುತು ಕಂಡರೆ ಫೈಲ್ ನೇರವಾಗಿ ರೆಟಿನಾ ತಜ್ಞರ ಮೇಜಿಗೆ ಹೋಗುತ್ತದೆ.

ಕಣ್ಣಿಗೆ ಇಂಜೆಕ್ಷನ್: ಭಯ ಇರುವುದು ಇಲ್ಲಿಯೇ

ಮ್ಯಾಕುಲಾ ಊತಕ್ಕೆ ಇಂದು ಹೆಚ್ಚಾಗಿ ಬಳಸುವುದು ಆಂಟಿ-ವಿಇಜಿಎಫ್ ಔಷಧಗಳನ್ನು. ರಾನಿಬಿಜುಮ್ಯಾಬ್, ಅಫ್ಲಿಬರ್ಸೆಪ್ಟ್, ಬೆವಾಸಿಜುಮ್ಯಾಬ್ ಇವುಗಳಲ್ಲಿ ಪ್ರಮುಖ. ಇವನ್ನು ಕಣ್ಣಿನ ಬಿಳಿಭಾಗದ ಮೂಲಕ, ಕಪ್ಪುಗುಡ್ಡೆಯ ಅಂಚಿನಿಂದ ಸುಮಾರು 3.5ರಿಂದ 4 ಮಿಲಿಮೀಟರ್ ದೂರದಲ್ಲಿ, ಬಹಳ ಸಣ್ಣ ಸೂಜಿಯಿಂದ ಒಳಗೆ ಸೇರಿಸುತ್ತಾರೆ. 'ಕಣ್ಣಿಗೆ ಸೂಜಿ' ಎಂಬ ಮಾತು ಕೇಳಿಯೇ ಚಿಕಿತ್ಸೆ ಬೇಡವೆನ್ನುವವರಿದ್ದಾರೆ. ಮರಗಟ್ಟಿಸುವ ಡ್ರಾಪ್ಸ್ ಹಾಕಿದ ಮೇಲೆ ಹೆಚ್ಚಿನವರಿಗೆ ಒತ್ತಿದಂತಾಗುತ್ತದೆಯೇ ಹೊರತು ದೊಡ್ಡ ನೋವು ಇರುವುದಿಲ್ಲ ಎಂಬುದನ್ನು ನಿಧಾನವಾಗಿ ತಿಳಿಹೇಳುವುದು ನರ್ಸ್‌ನ ಮೊದಲ ಕೆಲಸ.

ಯಾವ ಕಣ್ಣು, ಯಾವ ಔಷಧ ಎಂದು ಎರಡು ಸಲ ತಾಳೆ ನೋಡುವುದು, ಪೊವಿಡೋನ್ ಅಯೋಡಿನ್‌ನಿಂದ ಕಣ್ಣನ್ನು ಸೋಂಕುರಹಿತಗೊಳಿಸುವುದು, ಇಂಜೆಕ್ಷನ್ ನಂತರ ಬೆರಳು ಎಣಿಸಲು ಹೇಳಿ ದೃಷ್ಟಿ ಪರೀಕ್ಷಿಸುವುದು ಇವೆಲ್ಲ ಅವರ ಪಾಲಿಗೆ ಬರುತ್ತವೆ. ಮನೆಗೆ ಕಳುಹಿಸುವ ಮುನ್ನ ಒಂದು ಎಚ್ಚರಿಕೆಯನ್ನು ತಪ್ಪದೇ ಹೇಳುತ್ತಾರೆ. ಮುಂದಿನ ದಿನಗಳಲ್ಲಿ ಕಣ್ಣಿನ ನೋವು ಹೆಚ್ಚಿದರೆ, ಕೆಂಪು ಏರಿದರೆ, ದೃಷ್ಟಿ ಕಡಿಮೆಯಾದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಬರಬೇಕು. ಕಣ್ಣಿನೊಳಗಿನ ಸೋಂಕು ಅಪರೂಪ, ಆದರೆ ಬಂದರೆ ಪ್ರತಿ ಗಂಟೆಯೂ ಮುಖ್ಯ.

ಇನ್ನೊಂದು ಕಷ್ಟವಿದೆ. ಇಂಜೆಕ್ಷನ್ ಒಂದು ಸಲಕ್ಕೆ ಮುಗಿಯುವುದಿಲ್ಲ. ಆರಂಭದಲ್ಲಿ ಸಾಮಾನ್ಯವಾಗಿ ತಿಂಗಳಿಗೊಮ್ಮೆಯಂತೆ ಹಲವು ಡೋಸ್ ಬೇಕಾಗುತ್ತವೆ. ಎರಡನೆಯದಕ್ಕೆ ದೃಷ್ಟಿ ಸುಧಾರಿಸಿತೆಂದು ಕೆಲವರು ನಿಲ್ಲಿಸುತ್ತಾರೆ, ಸುಧಾರಿಸಲಿಲ್ಲವೆಂದು ಇನ್ನು ಕೆಲವರು ನಿಲ್ಲಿಸುತ್ತಾರೆ. ಖರ್ಚಿಗೆ ಹೆದರಿ ಬಿಡುವವರೂ ಇದ್ದಾರೆ. ಬಾರದವರ ಪಟ್ಟಿ ಮಾಡಿ, ಫೋನ್ ಹಚ್ಚಿ, ಕಾರಣ ಕೇಳಿ, ಕಡಿಮೆ ಬೆಲೆಯ ಔಷಧ ಆಗಬಹುದೇ ಎಂದು ವೈದ್ಯರೊಂದಿಗೆ ಮಾತಾಡಿ ಮತ್ತೆ ಕರೆತರುವ ಕೆಲಸ ಯಾವ ಯಂತ್ರದಿಂದಲೂ ಆಗುವುದಿಲ್ಲ.

ಇಂಗ್ಲೆಂಡ್ ತೋರಿಸಿದ ದಾರಿ

ಇಂಗ್ಲೆಂಡ್‌ನಲ್ಲಿ 2003ರಲ್ಲಿ ಮಧುಮೇಹಿಗಳ ಕಣ್ಣಿನ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮ ಶುರುವಾಯಿತು. 12 ವರ್ಷ ಮತ್ತು ಮೇಲ್ಪಟ್ಟ ಮಧುಮೇಹಿಗಳನ್ನು ಪತ್ರ ಬರೆದು ಕರೆದು ರೆಟಿನಾದ ಫೋಟೊ ತೆಗೆಯಲಾಗುತ್ತದೆ. ಫೋಟೊ ತೆಗೆಯುವವರೂ ಶ್ರೇಣಿ ಗುರುತಿಸುವವರೂ ವೈದ್ಯರೇ ಆಗಬೇಕಿಲ್ಲ, ತರಬೇತಿ ಮತ್ತು ಗುಣಮಟ್ಟದ ಪರೀಕ್ಷೆ ಮಾತ್ರ ಕಡ್ಡಾಯ. 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಗಮನಾರ್ಹ ಸಂಗತಿಯನ್ನು ಹೇಳಿತು. ಕನಿಷ್ಠ ಐದು ದಶಕಗಳಲ್ಲಿ ಮೊದಲ ಬಾರಿಗೆ, ಇಂಗ್ಲೆಂಡ್ ಮತ್ತು ವೇಲ್ಸ್‌ನ ದುಡಿಯುವ ವಯಸ್ಸಿನವರಲ್ಲಿ ಕುರುಡುತನಕ್ಕೆ ಮೊದಲ ಕಾರಣವೆಂಬ ಸ್ಥಾನದಿಂದ ಮಧುಮೇಹದ ಕಣ್ಣಿನ ರೋಗ ಕೆಳಗಿಳಿದಿತ್ತು. ತಪಾಸಣೆಯ ಜೊತೆಗೆ ಸಕ್ಕರೆ ನಿಯಂತ್ರಣ ಉತ್ತಮಗೊಂಡದ್ದೂ ಇದಕ್ಕೆ ಕಾರಣವಿರಬಹುದು ಎಂದು ಸಂಶೋಧಕರು ಹೇಳಿದ್ದರು.

ಅಲ್ಲಿ ನರ್ಸ್‌ಗಳ ಪಾತ್ರ ಇನ್ನೂ ಮುಂದೆ ಹೋಗಿದೆ. ಇಂಜೆಕ್ಷನ್ ಬೇಕಾದವರ ಸಾಲು ಬೆಳೆದಾಗ, ಲಂಡನ್‌ನ ಮೂರ್‌ಫೀಲ್ಡ್ಸ್ ಸೇರಿದಂತೆ ಹಲವು ಆಸ್ಪತ್ರೆಗಳು ನರ್ಸ್‌ಗಳಿಗೆ ತರಬೇತಿ ನೀಡಿ ಅವರಿಂದಲೇ ಕಣ್ಣಿನ ಇಂಜೆಕ್ಷನ್ ಕೊಡಿಸಲು ಆರಂಭಿಸಿದವು. ವೈದ್ಯರ ಮೇಲ್ವಿಚಾರಣೆಯಲ್ಲಿ ನಿಗದಿತ ತರಬೇತಿ ಮುಗಿಸಿದವರಿಗೆ ಮಾತ್ರ ಈ ಅನುಮತಿ.

ನಮ್ಮಲ್ಲಿ ಯಾರು ಈ ಕೆಲಸ ಮಾಡುತ್ತಾರೆ?

ಭಾರತದಲ್ಲಿ ಇಂಜೆಕ್ಷನ್ ಕೊಡುವುದು ನೇತ್ರತಜ್ಞರೇ. ಸಿದ್ಧತೆ, ಸಮಾಲೋಚನೆ, ಆರೈಕೆ ನರ್ಸ್ ಮತ್ತು ಸಹಾಯಕ ಸಿಬ್ಬಂದಿಯದು. ಹುದ್ದೆಯ ಹೆಸರು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. 1976ರಲ್ಲಿ ಮದುರೈನಲ್ಲಿ ಡಾ. ಜಿ. ವೆಂಕಟಸ್ವಾಮಿ ಅವರು ಆರಂಭಿಸಿದ ಅರವಿಂದ ಕಣ್ಣಿನ ಆಸ್ಪತ್ರೆಯು ಹಳ್ಳಿಗಳ ಯುವತಿಯರಿಗೆ ಎರಡು ವರ್ಷ ತರಬೇತಿ ಕೊಟ್ಟು ದೃಷ್ಟಿ ಪರೀಕ್ಷೆಯಿಂದ ರೋಗಿಯ ಸಮಾಲೋಚನೆಯವರೆಗೆ ಹೊಣೆ ವಹಿಸುತ್ತದೆ. ಹೈದರಾಬಾದ್‌ನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ಹಳ್ಳಿ ಕೇಂದ್ರಗಳಲ್ಲಿ ವಿಷನ್ ಟೆಕ್ನಿಶಿಯನ್‌ಗಳು ಇದ್ದಾರೆ.

ಈಗ ರೆಟಿನಾದ ಫೋಟೊ ನೋಡಿ ರೋಗ ಗುರುತಿಸುವ ಕೃತಕ ಬುದ್ಧಿಮತ್ತೆಯೂ ಬಂದಿದೆ. 2016ರಲ್ಲಿ ಗೂಗಲ್ ಪ್ರಕಟಿಸಿದ ಇಂಥ ಸಂಶೋಧನೆಯಲ್ಲಿ ಅರವಿಂದ ಮತ್ತು ಚೆನ್ನೈನ ಶಂಕರ ನೇತ್ರಾಲಯ ಭಾಗಿಯಾಗಿದ್ದವು. ಯಂತ್ರ ರೋಗ ಇದೆ ಎಂದು ಹೇಳಬಲ್ಲದು. ಹೆದರಿದ ರೋಗಿಯನ್ನು ಮುಂದಿನ ಹೆಜ್ಜೆಗೆ ಒಪ್ಪಿಸುವುದಕ್ಕೆ ಮನುಷ್ಯರೇ ಬೇಕು.

ಊರು ಬದಲಾದಾಗ ಎಚ್ಚರ

ಮುಂಬೈ, ಪುಣೆ, ಚೆನ್ನೈ, ದೆಹಲಿಯಲ್ಲಿರುವ ಕನ್ನಡಿಗರ ಮನೆಗಳಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ವಯಸ್ಸಾದ ಅಪ್ಪ-ಅಮ್ಮ ಕೆಲವು ತಿಂಗಳು ಊರಲ್ಲಿ, ಕೆಲವು ತಿಂಗಳು ಮಕ್ಕಳ ಮನೆಯಲ್ಲಿ ಇರುತ್ತಾರೆ. ತಪಾಸಣೆ ಒಂದು ಊರಲ್ಲಿ, ಔಷಧ ಇನ್ನೊಂದು ಊರಲ್ಲಿ ಆಗಿ ಇಂಜೆಕ್ಷನ್ ದಿನಾಂಕ ನಡುವೆ ತಪ್ಪಿಹೋಗುತ್ತದೆ. ಹಿರಿಯರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದಿದ್ದರೆ ಆಸ್ಪತ್ರೆಯಲ್ಲಿ ಹೇಳಿದ್ದು ಪೂರ್ತಿ ಅರ್ಥವಾಗುವುದಿಲ್ಲ, ಕೇಳಲು ಸಂಕೋಚ.

ಹೀಗಾಗದಂತೆ ಊರು ಬಿಡುವ ಮೊದಲೇ ನರ್ಸ್ ಬಳಿ ರೆಟಿನಾದ ಫೋಟೊ, ಒಸಿಟಿ ವರದಿ, ಕೊಟ್ಟ ಔಷಧದ ಹೆಸರು ಮತ್ತು ದಿನಾಂಕದ ಪ್ರತಿ ಕೇಳಿ ಪಡೆಯಬೇಕು. ಭಾಷೆ ಬಲ್ಲವರೊಬ್ಬರು ಜೊತೆಗಿರಬೇಕು, ಇಲ್ಲವೇ ಫೋನಿನಲ್ಲಾದರೂ ಸಿಗುವಂತಿರಬೇಕು.

ಗಮನದಲ್ಲಿಡಬೇಕಾದ ಅಂಶಗಳು

* ಟೈಪ್ 2 ಮಧುಮೇಹ ಪತ್ತೆಯಾದ ಕೂಡಲೇ ರೆಟಿನಾ ಪರೀಕ್ಷೆ ಮಾಡಿಸಬೇಕು. ಟೈಪ್ 1 ಆಗಿದ್ದರೆ ಐದು ವರ್ಷದೊಳಗೆ. ನಂತರ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ರೋಗ ಇದ್ದರೆ ವೈದ್ಯರು ಹೇಳಿದಂತೆ ಇನ್ನೂ ಬೇಗ.
* ಮಧುಮೇಹ ಇರುವ ಮಹಿಳೆ ಗರ್ಭಿಣಿಯಾದರೆ ಮೊದಲ ಮೂರು ತಿಂಗಳಲ್ಲೇ ಕಣ್ಣು ತೋರಿಸಬೇಕು.
* ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದರೆ ರೆಟಿನಾ ಪರೀಕ್ಷೆ ಆದಂತಲ್ಲ. ಶುಗರ್ ಏರಿಳಿಯುತ್ತಿರುವಾಗ ಕನ್ನಡಕದ ನಂಬರ್ ಕೂಡ ಬದಲಾಗುತ್ತದೆ.
* ಸಾಮಾನ್ಯ ಕಣ್ಣಿನ ತಪಾಸಣೆಗೆ ಉಪವಾಸ ಬೇಡ. ಊಟ, ಮಾತ್ರೆ, ಇನ್ಸುಲಿನ್ ಎಂದಿನಂತೆ ಇರಲಿ.
* ಶುಗರ್ ಬಹಳ ವೇಗವಾಗಿ ಇಳಿದಾಗ ಮೊದಲೇ ಇದ್ದ ರೆಟಿನೋಪತಿ ಕೆಲಕಾಲ ಹೆಚ್ಚಾಗಬಹುದು. ಇನ್ಸುಲಿನ್ ಅಥವಾ ಹೊಸ ಔಷಧ ಆರಂಭಿಸುವಾಗ ಕಣ್ಣಿನ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ಚಿಕಿತ್ಸೆಯನ್ನು ತಾವಾಗಿಯೇ ನಿಲ್ಲಿಸಬಾರದು.
* ಕಣ್ಣ ಮುಂದೆ ಹಠಾತ್ತನೆ ಕಪ್ಪು ಚುಕ್ಕೆ, ಪರದೆ ಬಿದ್ದಂತೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

1993ರಲ್ಲಿ ಪ್ರಕಟವಾದ ಡಿಸಿಸಿಟಿ ಅಧ್ಯಯನವು ಟೈಪ್ 1 ಮಧುಮೇಹಿಗಳಲ್ಲಿ ಸಕ್ಕರೆಯ ಬಿಗಿ ನಿಯಂತ್ರಣದಿಂದ ರೆಟಿನೋಪತಿ ಹೊಸದಾಗಿ ಬರುವ ಸಾಧ್ಯತೆ ಶೇ. 76ರಷ್ಟು ಕಡಿಮೆಯಾಗುವುದನ್ನು ತೋರಿಸಿತ್ತು. ಟೈಪ್ 2 ಮಧುಮೇಹಿಗಳಲ್ಲಿ ರಕ್ತದೊತ್ತಡ ಹತೋಟಿಯಲ್ಲಿದ್ದರೂ ಕಣ್ಣಿಗೆ ಲಾಭವೆಂದು 1998ರ ಯುಕೆಪಿಡಿಎಸ್ ಅಧ್ಯಯನ ಹೇಳಿತು. ಅಂದರೆ ಕಣ್ಣಿನ ಆರೈಕೆ ಕಣ್ಣಿನ ಆಸ್ಪತ್ರೆಯಲ್ಲಿ ಮಾತ್ರ ನಡೆಯುವುದಲ್ಲ, ಮನೆಯ ಅಡುಗೆ, ಮಾತ್ರೆ, ನಡಿಗೆಯಲ್ಲೂ ನಡೆಯುತ್ತದೆ. ತಪಾಸಣೆ ಮುಗಿಸಿ ಹೊರಡುವಾಗ ನರ್ಸ್ ಬಳಿ ಮೂರು ಪ್ರಶ್ನೆ ಕೇಳುವುದನ್ನು ಮರೆಯಬಾರದು: ರೋಗ ಯಾವ ಹಂತದಲ್ಲಿದೆ? ಮುಂದಿನ ಸಲ ಯಾವಾಗ ಬರಬೇಕು? ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಉತ್ತರಗಳನ್ನು ಫೈಲ್‌ನ ಮೇಲೆಯೇ ಬರೆಸಿಕೊಂಡರೆ ಇನ್ನೂ ಒಳ್ಳೆಯದು.