ಮೈಸೂರಿಗೆ ಬೆನ್ನು, ವೇಳಾಂಕಣ್ಣಿಗೆ ಮುಖ: ಮಾರ್ಟಳ್ಳಿ ಸೀಮೆಯ ಹರಕೆಯ ದಾರಿ

ಹನೂರು ತಾಲ್ಲೂಕಿನ ಮಾರ್ಟಳ್ಳಿಯ ಕ್ಯಾಥೊಲಿಕರಿಗೆ ಧರ್ಮಾಧ್ಯಕ್ಷರ ಪೀಠ ಮೈಸೂರು. ಮದುವೆಯ ತಕರಾರಿರಲಿ, ಶಾಲೆಯ ಕೆಲಸವಿರಲಿ, ಕೌದಳ್ಳಿ, ಹನೂರು, ಕೊಳ್ಳೇಗಾಲ ಹಾದು ಪಶ್ಚಿಮಕ್ಕೇ ಬರಬೇಕು. ಹರಕೆ ತೀರಿಸುವ ಪ್ರಶ್ನೆ ಬಂದಾಗ ಮಾತ್ರ ಮುಖ ಪೂರ್ವಕ್ಕೆ ತಿರುಗುತ್ತದೆ. ಪಾಲಾರ್ ದಾಟಿ ಮೆಟ್ಟೂರಿಗೆ, ಇಲ್ಲವೇ ಗರಿಕೆಕಂಡಿಯ ಚೆಕ್‌ಪೋಸ್ಟ್ ದಾಟಿ ಬರಗೂರಿನ ಕಾಡಿಳಿದು ಅಂದಿಯೂರಿಗೆ. ಅಲ್ಲಿಂದ ಈರೋಡು, ತಿರುಚ್ಚಿ, ತಂಜಾವೂರು, ನಾಗಪಟ್ಟಣ. ಕೊನೆಗೆ ಸಮುದ್ರದಂಚಿನ ವೇಳಾಂಕಣ್ಣಿ. ನಕ್ಷೆ ಬಿಡಿಸಿ ನೋಡಿದರೆ ಈ ದಾರಿ ಬಹುಮಟ್ಟಿಗೆ ಕಾವೇರಿಯ ಜಾಡಿನಲ್ಲೇ ಸಾಗುತ್ತದೆ.

ಇದನ್ನು ತಮಿಳು ಮನೆಮಾತಿನವರ ಸಹಜ ಒಲವೆಂದು ಹೇಳಿ ಮುಗಿಸಿಬಿಡಬಹುದು. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಯಾತ್ರೆಯ ದಿಕ್ಕನ್ನು ನಿಗದಿ ಮಾಡಿರುವುದು ಹಳೆಯ ಆಡಳಿತ ಭೂಗೋಳ; ಯಾತ್ರೆಯ ರೀತಿಯನ್ನು ರೂಪಿಸಿರುವುದು ನೆರೆಯ ಬೆಟ್ಟ. ಎರಡನ್ನೂ ಜೊತೆಗಿಟ್ಟು ನೋಡಿದರಷ್ಟೇ ಈ ಯಾತ್ರೆ ಅರ್ಥವಾಗುತ್ತದೆ ಎಂಬುದು ಈ ಲೇಖನದ ವಾದ.

ಮೊದಲು ಆಡಳಿತ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲದ ಸೀಮೆ ಮೈಸೂರು ಅರಸರಿಗೆ ಮರಳಲಿಲ್ಲ. ಕೊಯಮತ್ತೂರು ಜಿಲ್ಲೆಗೆ ಸೇರಿ ಮದ್ರಾಸ್ ಪ್ರಾಂತ್ಯದ ಭಾಗವಾಗಿ ಉಳಿಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಅಂದರೆ ಒಂದೂವರೆ ಶತಮಾನ ಇಲ್ಲಿನ ರೈತನಿಗೆ ಕಂದಾಯ, ಕಚೇರಿ, ಸಂತೆಗಳಲ್ಲಿ ಅನೇಕವು ತೆಂಕಣಕ್ಕೇ ಅಂಟಿಕೊಂಡಿದ್ದವು. ಚರ್ಚಿನ ಗಡಿಗಳೂ ಭಾಷೆಯ ಗಡಿಗಳನ್ನು ಕೇಳಿ ಎಳೆದವಲ್ಲ. 1850ರಲ್ಲಿ ಪುದುಚೇರಿಯ ಆಡಳಿತದಿಂದ ಮೈಸೂರು ಮತ್ತು ಕೊಯಮತ್ತೂರು ಪ್ರತ್ಯೇಕ ಪ್ರಾಂತ್ಯಗಳಾದವು. 1940ರಲ್ಲಿ ಬೆಂಗಳೂರು ಬೇರೆ ಧರ್ಮಪ್ರಾಂತ್ಯವಾಗುವ ತನಕ ಮೈಸೂರಿನ ಧರ್ಮಾಧ್ಯಕ್ಷರು ವಾಸವಿದ್ದದ್ದು ಬೆಂಗಳೂರಿನಲ್ಲಿ. ಊಟಿಯ ಧರ್ಮಪ್ರಾಂತ್ಯವಂತೂ 1955ರಲ್ಲಷ್ಟೇ ಮೈಸೂರಿನಿಂದ ಬೇರ್ಪಟ್ಟದ್ದು. ಹೀಗೆ ಕನ್ನಡ ಸೀಮೆಯ ಪೀಠದ ಕೆಳಗೆ ತಮಿಳು ಪ್ರಾರ್ಥನೆ ಕೇಳಿಬರುವುದು ಇಲ್ಲಿ ಅಪರೂಪವೇನಲ್ಲ.

ಇದಕ್ಕಿಂತ ಹಳೆಯ ಪದರವೂ ಇದೆ. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ 17ನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣದಲ್ಲಿ ನೆಲೆಯೂರಿ ಕಟ್ಟಿದ ಮೈಸೂರು ಮಿಷನ್ ಸತ್ಯಮಂಗಲದ ಕಡೆಗೂ ಹಬ್ಬಿತ್ತು. ಕನ್ನಡ, ತಮಿಳು ಎರಡೂ ಬೇಕಾಗಿದ್ದ ಕ್ಷೇತ್ರ ಅದು. 1773ರಲ್ಲಿ ಪೋಪರು ಯೇಸುಸಭೆಯನ್ನೇ ವಿಸರ್ಜಿಸಿದಾಗ ಈ ಸಮುದಾಯಗಳಿಗೆ ಗುರುಗಳ ಬರ ಬಂತು. ಮುಂದೆ ಬಂದವರು ಅಬ್ಬೆ ದ್ಯುಬುವಾ, ಜನರ ಬಾಯಲ್ಲಿ ದೊಡ್ಡಸ್ವಾಮಿಯೋರು. ಮೈಸೂರು ಸೀಮೆಯಲ್ಲಿ ದುಡಿದು 1823ರಲ್ಲಿ ಫ್ರಾನ್ಸಿಗೆ ಮರಳಿದ ಅವರು, ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಇಲ್ಲಿನ ಕ್ರೈಸ್ತರ ಮೆರವಣಿಗೆಗಳ ಬಗ್ಗೆ ಬೇಸರ ತೋಡಿಕೊಂಡಿದ್ದಾರೆ. ರಾತ್ರಿಯ ಉತ್ಸವ, ತಮಟೆ, ಕೊಂಬು, ಬಾಣಬಿರುಸು. ಹಿಂದೂಗಳ ತೇರಿಗೂ ಇದಕ್ಕೂ ಏನು ವ್ಯತ್ಯಾಸ ಎಂಬ ದೂರು. ಅವರು ದೋಷವೆಂದು ಬರೆದದ್ದೇ ಇಂದಿನ ಸಂಶೋಧಕನಿಗೆ ಆಧಾರ. ದೂರುವವರು ಸಾಮಾನ್ಯವಾಗಿ ಹೊಗಳುವವರಿಗಿಂತ ಹೆಚ್ಚು ವಿವರ ಕೊಡುತ್ತಾರೆ.

ಈಗ ನೆರೆಯ ಬೆಟ್ಟ. ಮಾರ್ಟಳ್ಳಿ ಇರುವುದು ಮಲೆ ಮಹದೇಶ್ವರನ ಸೀಮೆಯಲ್ಲಿ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ತಾಳಬೆಟ್ಟದ ದಾರಿಯಲ್ಲಿ ಬರಿಗಾಲಿನ ಜನ ಸಾಲುಗಟ್ಟುತ್ತಾರೆ, ತಮಿಳುನಾಡಿನಿಂದಲೂ ಬರುತ್ತಾರೆ. ಮುಡಿ ಕೊಡುವುದು, ಉರುಳು ಸೇವೆ, ಪಂಜಿನ ಸೇವೆ ಎಲ್ಲವೂ ಹರಕೆಯ ಲೆಕ್ಕದಲ್ಲಿ. ದೇವರಿಗೆ ಮಾತು ಕೊಟ್ಟ ಮೇಲೆ ಅದು ಸಾಲ, ತೀರುವ ತನಕ ತಲೆಯ ಮೇಲಿರುವ ಸಾಲ. ವೇಳಾಂಕಣ್ಣಿಗೆ ಹೊರಡುವವರ ನಡೆಯನ್ನು ಇದರ ಪಕ್ಕದಲ್ಲಿಟ್ಟರೆ ಹೋಲಿಕೆಗೆ ಒತ್ತಾಯ ಮಾಡಬೇಕಾಗಿಯೇ ಇಲ್ಲ: ಕಾವಿಬಟ್ಟೆ, ಉಪವಾಸ, ಬರಿಗಾಲು, ಮುಡಿ. ವ್ಯತ್ಯಾಸ ಕೊರಳಿನ ಜಪಸರದಲ್ಲಿ, ದಾರಿಯಲ್ಲಿ ಹೇಳುವ ಪ್ರಾರ್ಥನೆಯಲ್ಲಿ. ದಕ್ಷಿಣ ಭಾರತದ ಮುಸ್ಲಿಮರು ಮತ್ತು ಕ್ರೈಸ್ತರ ಬಗ್ಗೆ 1989ರಲ್ಲಿ ಗ್ರಂಥ ಬರೆದ ಸೂಸನ್ ಬೇಲಿ, ಇಂಥವನ್ನು ಅರೆಬರೆ ಮತಾಂತರದ ಗುರುತೆಂದು ನೋಡದೆ ಈ ನೆಲದ ಭಕ್ತಿಯ ಪೂರ್ಣರೂಪವೆಂದೇ ನೋಡಿದರು. ಮಾರ್ಟಳ್ಳಿಯ ಮಟ್ಟಿಗೆ ಅವರ ನೋಟವೇ ಸರಿ ಎನ್ನಿಸುತ್ತದೆ.

ವೇಳಾಂಕಣ್ಣಿಯ ಕಥೆಗಳೂ ಬಡವರ ಕಥೆಗಳೇ. ಹಾಲು ಒಯ್ಯುತ್ತಿದ್ದ ಹುಡುಗನೊಬ್ಬನ ಹತ್ತಿರ ತಾಯೊಬ್ಬಳು ಮಗುವಿಗೆಂದು ಹಾಲು ಕೇಳಿದಳು. ಮಜ್ಜಿಗೆ ಮಾರುತ್ತಿದ್ದ ಕುಂಟ ಹುಡುಗ ಅವಳಿಗೆ ಮಜ್ಜಿಗೆ ಕೊಟ್ಟು ನಡೆದಾಡುವಂತಾದ. ಬಿರುಗಾಳಿಗೆ ಸಿಕ್ಕ ಪೋರ್ಚುಗೀಸ್ ನಾವಿಕರು ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನದಂದು, ದಡ ಸೇರಿ ಗುಡಿ ಕಟ್ಟಿದರು. ಇವು ಪರಂಪರೆಯ ಮಾತುಗಳು, ದಾಖಲೆಗಳಲ್ಲ. ದಾಖಲೆ ಇರುವುದು 1962ರದು: ಆ ವರ್ಷ ಪೋಪ್ 23ನೆಯ ಜಾನ್ ದೇವಾಲಯವನ್ನು ಕಿರು ಬಸಿಲಿಕದ ಪದವಿಗೇರಿಸಿದರು. ಪ್ರತಿವರ್ಷ ಆಗಸ್ಟ್ 29ಕ್ಕೆ ಕೊಡಿ ಏರುತ್ತದೆ, ಸೆಪ್ಟೆಂಬರ್ 8ಕ್ಕೆ ಹಬ್ಬ.

ಅಲ್ಲಿ ತಲುಪಿದವರು ಮಾಡುವುದನ್ನು ಹತ್ತಿರದಿಂದ ನೋಡಬೇಕು. ದೇವಾಲಯದಿಂದ ಮಾತೆಯ ಕೊಳದವರೆಗೆ ಮರಳು ಹಾಸಿದ ಉದ್ದನೆಯ ದಾರಿ. ಹರಕೆ ಹೊತ್ತವರು ಅಲ್ಲಿ ಮೊಣಕಾಲೂರಿ ಸಾಗುತ್ತಾರೆ. ಮನೆಯವರು ಪಕ್ಕದಲ್ಲೇ ನಡೆಯುತ್ತಾ ನೀರಿನ ಬಾಟಲಿ ಹಿಡಿದಿರುತ್ತಾರೆ, ಬಿಸಿಲೇರಿದರೆ ಸೆರಗು ಮರೆಮಾಡುತ್ತಾರೆ. ಮಕ್ಕಳಾಗದವರು ತೊಟ್ಟಿಲು ಕಟ್ಟುತ್ತಾರೆ, ಕೆಲವರು ಹಳದಿ ದಾರ, ಕೆಲವರು ಬೀಗ. ತೆಂಗಿನ ಸಸಿ ಒಪ್ಪಿಸುವವರಿದ್ದಾರೆ. ಕೈಕಾಲು, ಕಣ್ಣು, ಮನೆಗಳ ಆಕಾರದ ಬೆಳ್ಳಿ ಕಾಣಿಕೆಗಳ ರಾಶಿಗೆ ಅಲ್ಲೊಂದು ಸಂಗ್ರಹಾಲಯವೇ ಇದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಗುರುಗಳ ನೆರವು ಬೇಡ. ಬಲಿಪೂಜೆ ಗುರುಗಳದ್ದು, ಹರಕೆ ತೀರಿಸುವವರು ತಾವೇ. ಮಾತೆಯ ಮುಂದೆ ನಿಂತ ಮೇಲೆ ನಡುವೆ ಯಾರೂ ಇಲ್ಲ.

ಈ ಗಳಿಗೆ ಬರಲು ವರ್ಷಗಳೇ ಕಾಯಬೇಕಾಗುತ್ತದೆ, ಕಾರಣಗಳೂ ನೆಲದವೇ. ಮಳೆ ನಂಬಿದ ಹೊಲಗಳಲ್ಲಿ ರಾಗಿ, ಮುಸುಕಿನ ಜೋಳದ ಪೈರು ನಿಂತಿರುವ ಹೊತ್ತಿನಲ್ಲೇ ಕೊಡಿ ಏರುವುದು. ಕಳೆ ಕೀಳುವವರಿಲ್ಲದೆ ಹೊಲ ಬಿಡಲಾಗದು. ಬೆಂಗಳೂರಿಗೋ ಕೊಡಗಿನ ತೋಟಗಳಿಗೋ ಕೂಲಿಗೆ ಹೋದವರಿಗೆ ರಜೆಯೆಂದರೆ ಸಂಬಳ ಕಡಿತ. ವೀರಪ್ಪನ್ ಕಾಲದ ಕಾಟ ಬೇರೆ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿಯ ನೆಲಬಾಂಬು 22 ಜನರನ್ನು ಕೊಂದ ಮೇಲೆ ಇದೇ ರಸ್ತೆ ಭಯದ ರಸ್ತೆಯಾಯಿತು. 2004ರ ಅಕ್ಟೋಬರ್‌ನಲ್ಲಿ ಅವನು ಸಾಯುವ ತನಕ ಕಾಡಿನ ಈ ದಾರಿಗಳಲ್ಲಿ ಹೊತ್ತು ಮೀರಿ ಓಡಾಡುವುದು ಯಾರಿಗೂ ಹಗುರದ ಮಾತಾಗಿರಲಿಲ್ಲ. ಅದೇ ವರ್ಷದ ಡಿಸೆಂಬರ್ 26ರ ಸುನಾಮಿ ವೇಳಾಂಕಣ್ಣಿಯ ದಂಡೆಯಲ್ಲಿದ್ದ ನೂರಾರು ಯಾತ್ರಿಕರನ್ನು ಕೊಚ್ಚಿಕೊಂಡು ಹೋಯಿತು. 2020ರ ಹಬ್ಬ ಕೊರೊನಾ ಕಾರಣ ಹೊರಗಿನ ಯಾತ್ರಿಕರಿಲ್ಲದೆ ನಡೆಯಿತು.

ಯಾತ್ರೆಯಲ್ಲಿ ಜಾತಿ, ಅಂತಸ್ತು ಕಳಚಿ ಎಲ್ಲರೂ ಒಂದಾಗುತ್ತಾರೆಂದು ವಿಕ್ಟರ್ ಮತ್ತು ಎಡಿತ್ ಟರ್ನರ್ 1978ರಲ್ಲಿ ವಾದಿಸಿದರು. ಹಾಗಲ್ಲ, ಪುಣ್ಯಕ್ಷೇತ್ರವೆಂದರೆ ಭಿನ್ನ ಭಿನ್ನ ಜನ ತಂತಮ್ಮ ಅರ್ಥ ಹೊತ್ತು ತಂದು ಪೈಪೋಟಿಗಿಳಿಯುವ ಜಾಗವೆಂದು 1991ರಲ್ಲಿ ಜಾನ್ ಈಡ್ ಮತ್ತು ಮೈಕೆಲ್ ಸಾಲ್‌ನೋ ತಿರುಗೇಟು ಕೊಟ್ಟರು. ಗಡಿಸೀಮೆಯ ಯಾತ್ರಿಕನಿಗೆ ಎರಡೂ ಪೂರ್ತಿ ಒಗ್ಗವು. ಕರ್ನಾಟಕದಲ್ಲಿ ತಮಿಳು ಮಾತಿನವನು, ತಮಿಳುನಾಡಿನಲ್ಲಿ ಕರ್ನಾಟಕದವನು. ಅವನಿಗೆ ವೇಳಾಂಕಣ್ಣಿ ಒಂದಾಗುವ ಜಾಗವೂ ಅಲ್ಲ, ಕಾದಾಡುವ ಜಾಗವೂ ಅಲ್ಲ. ಪ್ರಾರ್ಥನೆಯ ಮಾತಿಗೂ ಊರಿನ ಹೆಸರಿಗೂ ತಾಳೆ ಕೇಳದ ಜಾಗ.

ಧರ್ಮಪ್ರಾಂತ್ಯದೊಳಗೆ ಬೇರೆ ಕ್ಷೇತ್ರಗಳಿಲ್ಲವೆಂದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ 1933ರಲ್ಲಿ ಅಡಿಗಲ್ಲಿಟ್ಟ ಸಂತ ಫಿಲೋಮಿನಾ ದೇವಾಲಯ ಮೈಸೂರಿನಲ್ಲೇ ಇದೆ, ಆದರೆ ಈಗ ಅದು ಯಾತ್ರಿಕರಷ್ಟೇ ಪ್ರವಾಸಿಗರದೂ ಹೌದು. ಕೆ.ಆರ್. ನಗರ ತಾಲ್ಲೂಕಿನ ಡೋರನಹಳ್ಳಿಯ ಸಂತ ಅಂತೋಣಿಯವರ ಕ್ಷೇತ್ರ, ಉಳುವಾಗ ರೈತನೊಬ್ಬನಿಗೆ ಸಿಕ್ಕ ಮರದ ಪ್ರತಿಮೆಯ ಕಥೆಯಿಂದ ಬೆಳೆದದ್ದು, 2019ರಲ್ಲಿ ಕಿರು ಬಸಿಲಿಕವಾಯಿತು. ಜೂನ್ 13ರ ಹಬ್ಬಕ್ಕೆ ಜಾತಿಮತದ ಹಂಗಿಲ್ಲದೆ ಜನ ಸೇರುತ್ತಾರೆ. ಹತ್ತಿರ, ಅಗ್ಗ, ಒಂದೇ ದಿನದ ಕೆಲಸ. ಆದರೂ ಅಂತೋಣಿಯವರಿಗೆ ಹೊತ್ತದ್ದನ್ನು ಮಾತೆಗೆ, ಮಾತೆಗೆ ಹೊತ್ತದ್ದನ್ನು ಅಂತೋಣಿಯವರಿಗೆ ಒಪ್ಪಿಸುವ ಪದ್ಧತಿ ಇಲ್ಲ. ಇಂಥಲ್ಲಿ ಬೆಂಗಳೂರಿಗೆ ಕೂಲಿಗೆ ಹೋದವರಿಗೆ ಸಿಗುವ ಅನುಕೂಲ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕ. ಅಲ್ಲೂ ಆಗಸ್ಟ್ 29ಕ್ಕೇ ಕೊಡಿ, ಸೆಪ್ಟೆಂಬರ್ 8ಕ್ಕೇ ತೇರು, ಅಲ್ಲೂ ಕಾವಿಬಟ್ಟೆಯ ಸಾಲು, ತಮಿಳಿನಲ್ಲೂ ಕನ್ನಡದಲ್ಲೂ ಪೂಜೆ. ಕೆಲಸ ಮುಗಿಸಿ ಸಂಜೆಯ ನೊವೇನಾಕ್ಕೆ ಹೋಗಿ ಬರಬಹುದು. ಸೀರೆಯುಟ್ಟ ಮಾತೆ ಅಲ್ಲೂ ಇದ್ದಾಳೆ; ವೇಳಾಂಕಣ್ಣಿಗೆಂದೇ ಹೊತ್ತ ಹರಕೆ ಮಾತ್ರ ಮುಂದಿನ ವರ್ಷಕ್ಕೆ ಹೋಗುತ್ತದೆ.